ಗುಡ್ಡದ ಮೇಲಿನ ಕೆರೆ: ಪರ್ಕಳದಿಂದ ಮಣ್ಣಪಳ್ಳಕ್ಕೆ ಒಂದು ದಿನದ ಕಾಲ್ನಡಿಗೆ

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಕೆರೆಯೆಂದರೆ ತಗ್ಗಿನ ಸ್ಥಳವೆಂಬ ಭಾವನೆ ದೃಢವಾಗಿ ನಿಂತಿದೆ. ಎರಡು ದಿಣ್ಣೆಗಳ ನಡುವೆ ಏರಿಯನ್ನು ಹಾಕಿ, ಹರಿದು ಹೋಗುವ ಮಳೆನೀರನ್ನು ತಡೆದು, ತೂಬಿನ ಮೂಲಕ ಕೆಳಗಿನ ಗದ್ದೆಗಳಿಗೆ ಹಾಯಿಸಿ, ಹೆಚ್ಚಾದುದನ್ನು ಕೋಡಿಯಿಂದ ಹೊರಬಿಡುವುದು ನಮ್ಮ ಹಿರಿಯರು ಶತಮಾನಗಳಿಂದ ನಡೆಸಿಕೊಂಡು ಬಂದ ಕ್ರಮ. ಆದುದರಿಂದ, ಕೆರೆಯನ್ನು ನೋಡಲು ಗುಡ್ಡವನ್ನು ಹತ್ತಬೇಕೆಂದು ಹೇಳಿದರೆ ನಮ್ಮ ಮಕ್ಕಳಿಗೆ ಅದು ವಿನೋದವಾಗಿ ಕೇಳಿಸೀತು. ಪ್ರವಾಸದ ಸಂದರ್ಭದಲ್ಲಿ ಒಬ್ಬ ವಿದ್ಯಾರ್ಥಿ, "ಗುರುಗಳೇ, ನೀರು ಮೇಲಕ್ಕೆ ಹತ್ತಿತೇ?" ಎಂದು ನನ್ನನ್ನು ಕೇಳಿದ್ದುಂಟು. ಅಂದು ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಆ ಪ್ರಶ್ನೆಗೆ ಸಲ್ಲಬೇಕಾದ ಉತ್ತರವನ್ನು ಈಗಲಾದರೂ ಹೇಳುವ ಪ್ರಯತ್ನವೇ ಈ ಲೇಖನ.

ಪ್ರತಿವರ್ಷವೂ ಒಳನಾಡಿನ ಅನೇಕ ಶಾಲೆಗಳು ಮಕ್ಕಳನ್ನು ಕರಾವಳಿಗೆ ಪ್ರವಾಸ ಕರೆದೊಯ್ಯುತ್ತವೆ. ಮಲ್ಪೆಯ ಕಡಲು, ಉಡುಪಿಯ ಶ್ರೀಕೃಷ್ಣ ಮಠ, ಕಾರ್ಕಳದ ಗೊಮ್ಮಟ ಇವುಗಳನ್ನು ನೋಡಿ ಹಿಂದಿರುಗುವುದು ವಾಡಿಕೆ. ಇವೆಲ್ಲವೂ ನೋಡಲೇಬೇಕಾದ ಸ್ಥಳಗಳೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇವುಗಳ ನಡುವೆಯೇ, ಯಾವ ಮಗುವೂ ದಣಿಯದೆ ನಡೆದು ಹೋಗಬಹುದಾದ ದೂರದಲ್ಲಿ, ಕರಾವಳಿಯ ಜನರ ಬಾಳಿಗೆ ಆಧಾರವಾದ ಒಂದು ರಹಸ್ಯವನ್ನು ಬಿಚ್ಚಿ ತೋರಿಸುವ ಚಿಕ್ಕದೊಂದು ಜಲಾಶಯವಿದೆ. ಅದೇ ಮಣಿಪಾಲದ ಮಣ್ಣಪಳ್ಳ.

ಸ್ಥಳದ ಪರಿಚಯ

ಪರ್ಕಳವು ಉಡುಪಿ ನಗರಸಭೆಯ ವ್ಯಾಪ್ತಿಗೆ ಸೇರಿದ ಊರು. ಮಲ್ಪೆಯಿಂದ ಹೊರಟು ಉಡುಪಿ, ಮಣಿಪಾಲ, ಪರ್ಕಳ, ಹಿರಿಯಡ್ಕ, ಹೆಬ್ರಿಗಳನ್ನು ಹಾದು, ಆಗುಂಬೆ ಘಟ್ಟವನ್ನು ಏರಿ ತೀರ್ಥಹಳ್ಳಿಗೆ ಹೋಗುವ ಹೆದ್ದಾರಿಯ ಮೇಲೆ ಅದು ಇದೆ. ಘಟ್ಟವಿಳಿದು ಬರುವವರಿಗೆ ಮಣಿಪಾಲಕ್ಕಿಂತ ಮೊದಲು ಸಿಗುವ ಊರು ಇದೇ. ಇಲ್ಲಿಂದ ಪಶ್ಚಿಮಕ್ಕೆ ನೆಲವು ಮೆಲ್ಲಮೆಲ್ಲನೆ ಏರುತ್ತ ಹೋಗಿ ಮಣಿಪಾಲದ ಪ್ರಸ್ಥಭೂಮಿಯಾಗುತ್ತದೆ. ಅದರ ಎತ್ತರ ಸಮುದ್ರಮಟ್ಟದಿಂದ ಸುಮಾರು 75 ಮೀಟರ್ ಮಾತ್ರ. ಸಹ್ಯಾದ್ರಿಯ ಶಿಖರಗಳನ್ನು ಕಂಡವರಿಗೆ ಇದನ್ನು ಬೆಟ್ಟವೆನ್ನಲು ಸಂಕೋಚವಾದೀತು. ಆದರೂ ಈ ಎತ್ತರದಿಂದ ಪಶ್ಚಿಮಕ್ಕೆ ಅರಬೀ ಸಮುದ್ರದ ನೀಲಿಯ ಗೆರೆಯೂ, ಪೂರ್ವಕ್ಕೆ ಸಹ್ಯಾದ್ರಿಯ ಸಾಲೂ ಕಾಣಿಸುತ್ತವೆ. ಕಡಲಿಗೂ ಘಟ್ಟಕ್ಕೂ ನಡುವೆ ಇರುವ ಇಂತಹ ಚಪ್ಪಟೆ ನೆತ್ತಿಯ ಗುಡ್ಡಗಳನ್ನು ತುಳುವರು 'ಪದವು' ಎಂದು ಕರೆಯುತ್ತಾರೆ.

ಮಣಿಪಾಲವೆಂದರೆ ಇಂದು ಎಲ್ಲರ ಕಣ್ಣೆದುರಿಗೆ ಬರುವುದು ವಿದ್ಯಾಸಂಸ್ಥೆಗಳು. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಇಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1957ರಲ್ಲಿ ತಾಂತ್ರಿಕ ವಿದ್ಯಾಲಯ ಪ್ರಾರಂಭವಾಯಿತು. ಅದಕ್ಕೆ ಮೊದಲು ಇದು ಬೋಳುಗುಡ್ಡವಾಗಿತ್ತು. ಆದರೆ ಊರಿನ ಹೆಸರು ಈ ಸಂಸ್ಥೆಗಳಿಗಿಂತ ಹಳೆಯದು. 'ಮಣ್ಣು' ಮತ್ತು 'ಪಳ್ಳ' ಎಂಬ ಎರಡು ಮಾತುಗಳು ಕೂಡಿ ಮಣ್ಣಪಳ್ಳವಾಗಿ, ಅದೇ ಬಾಯಿಂದ ಬಾಯಿಗೆ ಮಾರ್ಪಟ್ಟು ಮಣಿಪಾಲವಾಯಿತೆಂಬುದು ಪ್ರಚಲಿತವಾದ ವಿವರಣೆ. ಪಳ್ಳವೆಂದರೆ ನೀರು ನಿಲ್ಲುವ ಹೊಂಡ. ಅಂದರೆ, ದೇಶ ವಿದೇಶಗಳಿಂದ ವಿದ್ಯಾರ್ಥಿಗಳನ್ನು ಸೆಳೆಯುವ ಒಂದು ಪಟ್ಟಣವು ತನ್ನ ಹೆಸರನ್ನು ಪಡೆದುದು ಗುಡ್ಡದ ಮೇಲಿನ ಒಂದು ಕೆಸರು ಹೊಂಡದಿಂದ.

ದಾರಿಯ ವಿವರ

ಪರ್ಕಳದ ಪೇಟೆಯಿಂದ ಮಣಿಪಾಲದ ಮುಖ್ಯ ವೃತ್ತಕ್ಕೆ ಸುಮಾರು ಮೂರೂವರೆ ಕಿಲೋಮೀಟರ್. ಅಲ್ಲಿಂದ ಪಟ್ಟಣದ ದಕ್ಷಿಣ ಭಾಗದಲ್ಲಿರುವ ಮಣ್ಣಪಳ್ಳಕ್ಕೆ ಇನ್ನೊಂದು ಕಿಲೋಮೀಟರಿನಷ್ಟು. ಹೋಗಿ ಬರುವ ದಾರಿ ಒಟ್ಟು ಹತ್ತು ಕಿಲೋಮೀಟರ್ ಎಂದಿಟ್ಟುಕೊಳ್ಳಬಹುದು. ಆರನೆಯ ಇಯತ್ತೆಯ ಮಗುವಿಗೂ ಇದು ಹೊರೆಯಾಗದು. ಬೆಳಿಗ್ಗೆ ಏಳು ಗಂಟೆಗೆ ಹೊರಟರೆ, ನಿಂತು ನೋಡುತ್ತ, ವಿವರಿಸುತ್ತ ನಡೆದರೂ ಒಂಬತ್ತೂವರೆಯ ಹೊತ್ತಿಗೆ ಕೆರೆಯ ದಂಡೆಯಲ್ಲಿರಬಹುದು. ಕೆರೆಯ ಸುತ್ತಲೂ ನಡೆದಾಡಲು ಹಾದಿಯನ್ನು ಮಾಡಲಾಗಿದೆ. ಬುತ್ತಿಯನ್ನು ಬಿಚ್ಚಿ ಉಂಡು, ವಿಶ್ರಮಿಸಿ, ಹೊತ್ತು ಇಳಿದ ಮೇಲೆ ಹಿಂದಿರುಗಿದರೆ ದಿನವು ಸಾರ್ಥಕವಾಗುತ್ತದೆ. ಇನ್ನೂ ನಡೆಯುವ ಉತ್ಸಾಹವುಳ್ಳವರು ಪದವಿನ ಉತ್ತರದ ಅಂಚಿನವರೆಗೆ ಹೋಗಿ, ಕೆಳಗೆ ಕಣಿವೆಯಲ್ಲಿ ಬಳುಕಿ ಹರಿಯುವ ಸ್ವರ್ಣಾ ನದಿಯನ್ನು ನೋಡಬಹುದು. ಆ ನದಿಯ ಪ್ರಸ್ತಾಪ ಮುಂದೆ ಬರಲಿದೆ.

ಹೆದ್ದಾರಿಯುದ್ದಕ್ಕೂ ವಾಹನಗಳ ಓಡಾಟ ಹೆಚ್ಚು. ಆದುದರಿಂದ ಮಕ್ಕಳನ್ನು ಒಂದೇ ಸಾಲಿನಲ್ಲಿ ನಡೆಸಬೇಕು. ಮುಂದೊಬ್ಬರು, ಹಿಂದೊಬ್ಬರು ಶಿಕ್ಷಕರಿರಬೇಕು. ನಡಿಗೆಗೆ ಪ್ರಶಸ್ತವಾದ ಕಾಲ ಅಕ್ಟೋಬರಿನಿಂದ ಜನವರಿಯವರೆಗೆ. ಆಗ ಮಳೆ ಹಿಂದೆಗೆದಿರುತ್ತದೆ, ಕೆರೆಯಲ್ಲಿ ನೀರಿರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ನೀರು ತಗ್ಗುವುದಲ್ಲದೆ, ಕಲ್ಲುನೆಲದ ಕಾವು ಮಕ್ಕಳಿಗೆ ತಡೆಯಲಾಗದು.

ಮುರಕಲ್ಲಿನ ಗುಣ

ಪರ್ಕಳವನ್ನು ಬಿಟ್ಟು ಏರು ಹತ್ತುವಾಗ ರಸ್ತೆಗಾಗಿ ಗುಡ್ಡವನ್ನು ಕಡಿದ ಕಡೆಗಳಲ್ಲಿ ಕೆಂಪು ಗೋಡೆಯಂತಹ ನೆಲ ಕಾಣುತ್ತದೆ. ಅಲ್ಲಿ ಮಕ್ಕಳನ್ನು ನಿಲ್ಲಿಸಿ ತೋರಿಸಬೇಕು. ಜೇನುಗೂಡಿನಂತೆ ತೂತುತೂತಾದ ಈ ಕೆಂಪು ಕಲ್ಲೇ ಮುರಕಲ್ಲು. ಒಳನಾಡಿನಲ್ಲಿ ನಾವು ಜಂಬಿಟ್ಟಿಗೆ ಎನ್ನುವುದೂ ಇದನ್ನೇ. ಸಹಸ್ರಾರು ವರ್ಷಗಳ ಧಾರಾಕಾರ ಮಳೆಯು ಮೂಲಶಿಲೆಯಲ್ಲಿದ್ದ ಕರಗುವ ಅಂಶಗಳನ್ನೆಲ್ಲ ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮುಗಳ ಅಂಶವನ್ನು ಉಳಿಸಿದುದರ ಫಲವಿದು. ಕಬ್ಬಿಣದ ತುಕ್ಕೇ ಅದರ ಕೆಂಪು ಬಣ್ಣಕ್ಕೆ ಕಾರಣ. ನೆಲದೊಳಗಿರುವಾಗ ಮೆದುವಾಗಿದ್ದು ಕೊಡಲಿಯಿಂದಲೂ ಕಡಿಯಲು ಬರುವ ಈ ಕಲ್ಲು, ಗಾಳಿ ಬಿಸಿಲುಗಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ 1800-01ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಗುಣವನ್ನು ಗಮನಿಸಿ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟನು. ಅವನ ಗ್ರಂಥ 1807ರಲ್ಲಿ ಪ್ರಕಟವಾಯಿತು. ಜಗತ್ತಿನ ಭೂವಿಜ್ಞಾನವೆಲ್ಲ ಇಂದು ಬಳಸುವ ಆ ಹೆಸರು ನಮ್ಮ ಪಶ್ಚಿಮ ಕರಾವಳಿಯ ನೆಲದಲ್ಲೇ ಹುಟ್ಟಿತೆಂಬುದನ್ನು ಮಕ್ಕಳಿಗೆ ತಿಳಿಸಿದರೆ ಅವರಿಗೆ ಸಂತೋಷವಾದೀತು.

ಇಲ್ಲಿ ಒಂದು ಸುಲಭ ಪ್ರಯೋಗವನ್ನು ಮಾಡಿಸಬಹುದು. ಒಂದು ಮುರಕಲ್ಲಿನ ತುಂಡಿನ ಮೇಲೆ ಒಂದು ಲೋಟ ನೀರನ್ನು ಮೆಲ್ಲನೆ ಸುರಿಯಬೇಕು. ಒಂದು ಕರಿಕಲ್ಲಿನ ಮೇಲೆ ಅಷ್ಟೇ ನೀರನ್ನು ಸುರಿಯಬೇಕು. ಕರಿಕಲ್ಲು ನೀರನ್ನು ಕೂಡಲೇ ಕೆಳಗೆ ಜಾರಿಸಿಬಿಡುತ್ತದೆ. ಮುರಕಲ್ಲು ಅದರ ಬಹುಭಾಗವನ್ನು ಹೀರಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ತಳದಿಂದ ಹನಿಹನಿಯಾಗಿ ಬಿಡುತ್ತದೆ. ಕಾರ್ಕಳಕ್ಕೆ ಹೋದಾಗ ಈ ಪ್ರಯೋಗವನ್ನು ನೆನಪಿಸಬೇಕು. 1432ರಲ್ಲಿ ಗೊಮ್ಮಟನ ಪ್ರತಿಷ್ಠೆಯಾದ ಆ ಗುಡ್ಡ ಕರಿಕಲ್ಲಿನದು. ಅದರ ನೆತ್ತಿಯ ಮೇಲೆ ಬಿದ್ದ ಮಳೆ ನಿಲ್ಲದೆ ಜಾರುತ್ತದೆ. ಅಲ್ಲಿಯ ಆನೆಕೆರೆ, ರಾಮಸಮುದ್ರಗಳು ನಮ್ಮ ಕೆರೆಗಳಂತೆ ತಗ್ಗಿನಲ್ಲೇ ಇವೆ. ಒಂದೇ ಜಿಲ್ಲೆಯಲ್ಲಿ ಕಲ್ಲು ಬೇರೆಯಾದಂತೆ ನೀರಿನ ನಡೆಯೂ ಬೇರೆಯಾಗುವುದನ್ನು ಒಂದು ಪ್ರವಾಸದಲ್ಲೇ ಕಾಣಬಹುದು.

ನೀರು ಮೇಲೆ ನಿಂತುದು ಹೇಗೆ?

ಈಗ ಆ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಮುರಕಲ್ಲು ನೀರನ್ನು ಹೀರುವುದಾದರೆ ಅದರ ಮೇಲೆ ಕೆರೆ ನಿಂತುದು ಹೇಗೆ? ಪದವಿನ ಮೇಲ್ಮೈ ನೋಡಲು ಸಮತಟ್ಟಾಗಿದ್ದರೂ ಅದರಲ್ಲಿ ಸಣ್ಣ ದೊಡ್ಡ ತಗ್ಗುಗಳಿವೆ. ಮಳೆ ಸುರಿದಾಗ ಸುತ್ತಲಿನ ನಯವಾದ ಮಣ್ಣು ಕೊಚ್ಚಿಕೊಂಡು ಬಂದು ತಗ್ಗಿನ ತಳದಲ್ಲಿ ಕೂರುತ್ತದೆ. ವರ್ಷದಿಂದ ವರ್ಷಕ್ಕೆ ಅದು ಕಲ್ಲಿನ ರಂಧ್ರಗಳನ್ನು ಮುಚ್ಚಿ, ಬೆಣ್ಣೆ ಸವರಿದ ಹಾಗೆ ಒಂದು ಪದರವಾಗುತ್ತದೆ. ಆ ಪದರದ ಮೇಲೆ ನೀರು ನಿಲ್ಲುತ್ತದೆ. ಅಂದರೆ, ಗುಡ್ಡದ ಮೇಲೆ ನೀರನ್ನು ಹಿಡಿದಿಟ್ಟುದು ಕಲ್ಲಲ್ಲ, ಮಣ್ಣು. ಹೆಸರಿನಲ್ಲೇ ಉತ್ತರವಿತ್ತು: ಮಣ್ಣಪಳ್ಳ. ನೀರು ಮೇಲಕ್ಕೆ ಹತ್ತಲಿಲ್ಲ. ಆಕಾಶದಿಂದ ಅಲ್ಲಿಯೇ ಬಿದ್ದಿತು. ಕೆಳಗೆ ಓಡಿಹೋಗುತ್ತಿದ್ದ ಅದನ್ನು ಮಣ್ಣು ತಡೆದು ನಿಲ್ಲಿಸಿತು.

ಬಿದ್ದ ನೀರಿನ ಪ್ರಮಾಣವನ್ನೂ ಲೆಕ್ಕ ಹಾಕಬಹುದು. ಈ ಭಾಗದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆಯಾಗುತ್ತದೆ. ಅದರಲ್ಲಿ ಐದನೇ ನಾಲ್ಕು ಭಾಗಕ್ಕೂ ಹೆಚ್ಚು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ವಿಜಯಪುರದಂತಹ ಕಡೆ ಇಡೀ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾಗುವುದನ್ನು ನೆನೆದರೆ ಇದರ ಅಗಾಧತೆ ತಿಳಿಯುತ್ತದೆ. 4000 ಮಿಲಿಮೀಟರ್ ಎಂದರೆ ನಾಲ್ಕು ಮೀಟರ್. ಒಂದು ಎಕರೆ ಪದವಿನ ಮೇಲೆ ಬೀಳುವ ನೀರು ವರ್ಷಕ್ಕೆ ಸುಮಾರು ಒಂದು ಕೋಟಿ ಅರುವತ್ತು ಲಕ್ಷ ಲೀಟರ್. ಇಷ್ಟು ನೀರು ಬಿದ್ದರೂ ಕರಾವಳಿಯಲ್ಲಿ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರವೇಕೆ? ನಮ್ಮ ನಡಿಗೆಯು ಎತ್ತಿಕೊಳ್ಳಬೇಕಾದ ನಿಜವಾದ ಪ್ರಶ್ನೆ ಇದು.

ಕಾಣದ ಅಚ್ಚುಕಟ್ಟು

ನಮ್ಮ ಕಡೆಯ ಕೆರೆಯ ಏರಿಯ ಮೇಲೆ ನಿಂತರೆ ಅದರ ಅಚ್ಚುಕಟ್ಟು ಕಣ್ಣೆದುರಿಗೆ ಹಸಿರಾಗಿ ಹರಡಿರುತ್ತದೆ. ಯಾವ ಕೆರೆ ಯಾರ ಗದ್ದೆಯನ್ನು ಸಾಕುತ್ತದೆಂಬುದು ದನಗಾಹಿ ಹುಡುಗನಿಗೂ ಗೊತ್ತು. ಪದವಿನ ಮೇಲಿನ ಪಳ್ಳಕ್ಕೆ ಅಂತಹ ಅಚ್ಚುಕಟ್ಟು ಕಾಣುವುದಿಲ್ಲ. ಆದುದರಿಂದಲೇ ಅದು ಯಾರಿಗೂ ಉಪಯೋಗವಿಲ್ಲದ ಹೊಂಡವೆಂದು ತೋರುತ್ತದೆ. ಆದರೆ ಅದರ ಅಚ್ಚುಕಟ್ಟು ನೆಲದೊಳಗಿದೆ.

ಮುರಕಲ್ಲಿನ ಪದರದ ಕೆಳಗೆ ಸಾಮಾನ್ಯವಾಗಿ ಶೇಡಿಮಣ್ಣಿನ ಪದರವಿರುತ್ತದೆ. ಬಿಳಿ, ಹಳದಿ, ನಸುಗೆಂಪು ಬಣ್ಣಗಳ ಈ ಜೇಡಿಯಂತಹ ಮಣ್ಣು ನೀರನ್ನು ಸುಲಭವಾಗಿ ಕೆಳಗೆ ಬಿಡದು. ಪದವಿನ ಮೇಲೆ ಇಂಗಿದ ನೀರು ಮುರಕಲ್ಲಿನ ರಂಧ್ರಗಳೊಳಗೆ ಇಳಿಯುತ್ತ ಬಂದು, ಶೇಡಿಯ ಮೇಲೆ ತಡೆದು ನಿಂತು, ಅಲ್ಲಿಂದ ಬದಿಗೆ ಸರಿಯತೊಡಗುತ್ತದೆ. ಗುಡ್ಡದ ಇಳಿಜಾರಿನಲ್ಲಿ ಒರತೆಯಾಗಿ ಹೊರಬರುತ್ತದೆ. ಬುಡದ ಮನೆಗಳ ಬಾವಿಗಳನ್ನು ತುಂಬುತ್ತದೆ. ತೋಟದ ತೋಡುಗಳನ್ನು ಮಳೆ ನಿಂತ ಮೇಲೂ ಹರಿಸುತ್ತದೆ. ಮೇಲೆ ಪಳ್ಳಗಳಲ್ಲಿ ನೀರು ನಿಂತಷ್ಟು ಕಾಲ ಅಂಚುಗಳಿಂದ ಇಂಗುವಿಕೆ ನಡೆಯುತ್ತಲೇ ಇರುತ್ತದೆ. ಗುಡ್ಡವು ಒಂದು ಕೊಡ. ಪಳ್ಳವು ಅದರ ಬಾಯಿ. ಕೆಳಗಿನ ಬಾವಿ ಅದರಿಂದ ಹನಿಯುವ ನೀರು.

ಈ ತತ್ತ್ವವನ್ನು ಅಕ್ಷರ ಕಲಿತವರಿಗಿಂತ ಮೊದಲೇ ಅರಿತವರು ಇಲ್ಲಿಯ ಕೃಷಿಕರು. ದಕ್ಷಿಣ ಕನ್ನಡ, ಕಾಸರಗೋಡುಗಳ ಗುಡ್ಡಗಳ ಮೇಲೆ ಸಹಜವಾದ ತಗ್ಗಿಗೆ ಒಂದು ಬದಿಯಲ್ಲಿ ಕಟ್ಟೆ ಕಟ್ಟಿ ಮಳೆನೀರನ್ನು ನಿಲ್ಲಿಸುವ 'ಮದಕ'ಗಳಿವೆ. ಗುಡ್ಡದ ಬದಿಯಿಂದ ಮುರಕಲ್ಲಿನೊಳಕ್ಕೆ ಅಡ್ಡಲಾಗಿ ಮನುಷ್ಯ ಹೋಗುವಷ್ಟು ಅಗಲದ ಬಿಲವನ್ನು ಕೊರೆದು, ಒಳಗೆ ಜಿನುಗುವ ನೀರನ್ನು ಹೊರಕ್ಕೆ ಹರಿಸುವ 'ಸುರಂಗ'ಗಳಿವೆ. ಇದಕ್ಕೆ ಪಂಪೂ ಬೇಡ, ವಿದ್ಯುತ್ತೂ ಬೇಡ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡಿ ಜೀವಿಸುತ್ತಿದ್ದವರು. ಬೋಳುಗುಡ್ಡದ ಜಮೀನು ಸಿಕ್ಕಾಗ ಒಬ್ಬರೇ ಸುರಂಗ ಕೊರೆಯತೊಡಗಿದರು. ಹಲವು ಸುರಂಗಗಳಲ್ಲಿ ನೀರು ಸಿಗದೆ ಹೋದರೂ ಎದೆಗುಂದದೆ ಮುಂದುವರಿದು, ಕೊನೆಗೆ ನೀರನ್ನು ಕಂಡು, ಆ ಗುಡ್ಡದಲ್ಲಿ ತೋಟವನ್ನು ಎಬ್ಬಿಸಿದರು. 2022ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ಕಾಯಕವೆಂಬ ಮಾತಿಗೆ ಮಕ್ಕಳ ಮುಂದೆ ಇಡಲು ಇದಕ್ಕಿಂತ ಹತ್ತಿರದ ದೃಷ್ಟಾಂತ ಬೇಕಾಗಿಲ್ಲ.

ಪದವಿನ ಜೀವಿಗಳು

ಬೇಸಿಗೆಯಲ್ಲಿ ಸುಟ್ಟ ಹೆಂಚಿನಂತೆ ಕಾಣುವ ಪದವು, ಮಳೆಗಾಲದಲ್ಲಿ ಬೇರೆಯದೇ ಲೋಕವಾಗುತ್ತದೆ. ಸೋಣೆ ತಿಂಗಳ ಹೊತ್ತಿಗೆ ಅಂಗೈಯಷ್ಟು ಮಣ್ಣು ಇರುವಲ್ಲೆಲ್ಲ ನೀಲಿ, ಹಳದಿ, ಗುಲಾಬಿ ಬಣ್ಣದ ಕಿರಿಹೂಗಳು ಹಾಸುತ್ತವೆ. ಈ ನೆಲದಲ್ಲಿ ಸಸ್ಯಗಳಿಗೆ ಬೇಕಾದ ಸಾರ ಕಡಿಮೆ. ಆದುದರಿಂದ ಕೆಲವು ಗಿಡಗಳು ಕೀಟಗಳನ್ನು ಹಿಡಿದು ಆ ಕೊರತೆಯನ್ನು ತುಂಬಿಕೊಳ್ಳುತ್ತವೆ. ಡ್ರೊಸೆರಾ ಎಂಬ ಗಿಡದ ಎಲೆಗಳ ಮೇಲೆ ಇಬ್ಬನಿಯಂತೆ ಹೊಳೆಯುವ ಅಂಟುಹನಿಗಳಿರುತ್ತವೆ. ಯುಟ್ರಿಕ್ಯುಲೇರಿಯಾ ಎಂಬುದು ಒದ್ದೆ ಮಣ್ಣಿನೊಳಗೆ ಸಾಸಿವೆಗಿಂತ ಚಿಕ್ಕ ಚೀಲಗಳಲ್ಲಿ ಸೂಕ್ಷ್ಮಜೀವಿಗಳನ್ನು ಹಿಡಿಯುತ್ತದೆ.

ಈ ಪದವು ವಿಜ್ಞಾನಲೋಕಕ್ಕೆ ಒಂದು ಹೊಸ ಜೀವಿಯನ್ನೂ ಪರಿಚಯಿಸಿದೆ. ಮಣಿಪಾಲದ ಸುತ್ತಲಿನ ಮುರಕಲ್ಲಿನ ನೆಲದಲ್ಲಿ ಸಿಕ್ಕಿದ, ಒಂದೂವರೆ ಸೆಂಟಿಮೀಟರಿಗಿಂತ ತುಸುವೇ ಉದ್ದವಿರುವ ಒಂದು ಕಪ್ಪೆಯನ್ನು 2016ರಲ್ಲಿ ಹೊಸ ಪ್ರಭೇದವೆಂದು ವಿಜ್ಞಾನಿಗಳು ಪ್ರಕಟಿಸಿದರು. ಅದಕ್ಕೆ ಅವರಿಟ್ಟ ಹೆಸರು 'ಮೈಕ್ರೊಹೈಲಾ ಲ್ಯಾಟರೈಟ್'. ಬುಕಾನನ್ ಕಲ್ಲಿಗೆ ಇಟ್ಟ ಹೆಸರು ಎರಡು ಶತಮಾನಗಳ ಮೇಲೆ ಕಪ್ಪೆಗೆ ಬಂದಿತು. ಅದರ ಕೂಗನ್ನು ಕೇಳಿದವರು ಕೀಟದ್ದೆಂದು ಭ್ರಮಿಸುವುದು ಸಹಜ. ಸಾವಿರಾರು ವಿದ್ಯಾವಂತರು ಓಡಾಡುವ ಪಟ್ಟಣದಲ್ಲಿ, ಅವರ ಕಾಲಬುಡದಲ್ಲೇ, ಹೆಸರಿಲ್ಲದ ಒಂದು ಪ್ರಾಣಿ ಮಳೆಗಾಲಕ್ಕೊಮ್ಮೆ ಕೂಗುತ್ತಿತ್ತು. ಪಾಳು ಎಂದು ನಾವು ಬಗೆದ ನೆಲವನ್ನು ನಾವು ನೋಡಿಯೇ ಇರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಒದಗಿರುವ ಆಪತ್ತು

ಮರವಿಲ್ಲದ ನೆಲವನ್ನು ಬಂಜರೆಂದು ತಿಳಿಯುವುದು ನಮ್ಮ ರೂಢಿ. ಬಂಜರೆಂದ ಮೇಲೆ ಅದನ್ನು ಅಗೆಯಲು, ತುಂಬಲು, ಕಟ್ಟಡ ಕಟ್ಟಲು ಯಾರಿಗೂ ಅಳುಕಿರುವುದಿಲ್ಲ. ಕರಾವಳಿಯುದ್ದಕ್ಕೂ ಪದವುಗಳ ಮೇಲೆ ಕಲ್ಲುಕೋರೆಗಳು ಹಬ್ಬಿವೆ, ತಗ್ಗುಗಳನ್ನು ಮುಚ್ಚಿ ನಿವೇಶನಗಳನ್ನು ಮಾಡಲಾಗಿದೆ. ಕಾಂಕ್ರೀಟು, ಡಾಮರುಗಳು ಹಾಸಿದಲ್ಲಿ ಕೊಡದ ಬಾಯಿಗೆ ಮುಚ್ಚಳ ಬಿದ್ದಂತಾಗುತ್ತದೆ. ಸುರಿದ ಮಳೆ ಚರಂಡಿ ಸೇರಿ ದಿನದೊಳಗೆ ಕಡಲನ್ನು ಕೂಡುತ್ತದೆ. ಮಳೆಗಾಲದಲ್ಲಿ ಬುಡದ ಮನೆಗಳಿಗೆ ನೆರೆ, ಬೇಸಿಗೆಯಲ್ಲಿ ಅದೇ ಮನೆಗಳ ಬಾವಿಗಳಿಗೆ ಬರ. ಎರಡಕ್ಕೂ ಮೂಲ ಒಂದೇ.

ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ಉಡುಪಿ ನಗರಕ್ಕೆ ಕುಡಿಯುವ ನೀರು ಬರುತ್ತದೆ. 2019ರ ಮೇ ತಿಂಗಳಲ್ಲಿ ಅಲ್ಲಿಯ ನೀರು ತಳಮುಟ್ಟಿ ಜನರು ಬಹಳ ಬವಣೆಪಟ್ಟರು. ನಾಲ್ಕು ಮೀಟರ್ ಮಳೆ ಬೀಳುವ ನಾಡಿನಲ್ಲಿ ಟ್ಯಾಂಕರಿನ ದಾರಿ ಕಾಯಬೇಕಾಯಿತು. ನದಿಯೂ ಬೇಸಿಗೆಯಲ್ಲಿ ಹರಿಯುವುದು ಗುಡ್ಡಗಳು ಬಿಟ್ಟುಕೊಟ್ಟ ನೀರಿನಿಂದಲೇ. ಗುಡ್ಡದ ಮೇಲೆ ಉಚಿತವಾಗಿ ಬಿದ್ದ ನೀರನ್ನು ಕಳೆದುಕೊಂಡು, ಕಣಿವೆಯ ನೀರನ್ನು ವಿದ್ಯುಚ್ಛಕ್ತಿಯಿಂದ ಗುಡ್ಡಕ್ಕೆ ಏರಿಸುವ ಕಾಲದಲ್ಲಿ ನಾವಿದ್ದೇವೆ. ನೀರು ಮೇಲಕ್ಕೆ ಹತ್ತಿತೇ ಎಂದು ನಕ್ಕ ಆ ಬಾಲಕನ ಪ್ರಶ್ನೆ ಈಗ ಹಾಸ್ಯವಾಗಿ ಉಳಿದಿಲ್ಲ.

ಶಿಕ್ಷಕರಿಗೆ ಕೆಲವು ಸೂಚನೆಗಳು

ಪ್ರತಿ ಮಗುವಿನ ಬಳಿಯೂ ಕುಡಿಯುವ ನೀರು, ಟೊಪ್ಪಿಗೆ, ಗಟ್ಟಿಯಾದ ಪಾದರಕ್ಷೆ ಇರಲಿ. ಮುರಕಲ್ಲಿನ ಮೇಲ್ಮೈ ಒರಟು, ಒದ್ದೆಯಾದಲ್ಲಿ ಜಾರುತ್ತದೆ. ಕೆರೆಯ ನೀರಿಗೆ ಇಳಿಯಗೊಡಬಾರದು. ಅದಕ್ಕಿಂತಲೂ ಮುಖ್ಯವಾಗಿ, ದಾರಿಯಲ್ಲಿ ಎಲ್ಲಿಯಾದರೂ ಕೈಬಿಟ್ಟ ಕಲ್ಲುಕೋರೆ ಕಂಡರೆ ಅದರ ಅಂಚಿಗೆ ಯಾರೂ ಹೋಗದಂತೆ ನೋಡಿಕೊಳ್ಳಬೇಕು. ಗೋಡೆ ಕಡಿದಂತೆ ನೇರವಾದ ಬದಿಗಳುಳ್ಳ ಆ ಹೊಂಡಗಳಲ್ಲಿ ಮಳೆನೀರು ಆಳವಾಗಿ ನಿಂತಿರುತ್ತದೆ. ಬಿದ್ದವರಿಗೆ ಹತ್ತಿ ಬರಲು ಹಿಡಿಯೇ ಸಿಗದು. ಕಪ್ಪೆ, ಹೂಗಳನ್ನು ನೋಡಬೇಕಲ್ಲದೆ ಹಿಡಿಯಬಾರದು, ಕೀಳಬಾರದು. ಆಗುಂಬೆ ಘಟ್ಟದಲ್ಲಿ ದೊಡ್ಡ ವಾಹನಗಳಿಗೆ ನಿರ್ಬಂಧವಿರುವುದರಿಂದ ಆ ದಾರಿಯಾಗಿ ಬರುವವರು ಮುಂಚಿತವಾಗಿ ವಿಚಾರಿಸಿಕೊಂಡು ಹೊರಡುವುದು ಲೇಸು.

ಹಿಂದಿರುಗುವಾಗ ಪರ್ಕಳದ ಕಡೆಯ ಇಳಿಜಾರಿನಲ್ಲಿ ಯಾವುದಾದರೊಂದು ಮನೆಯವರ ಅನುಮತಿ ಪಡೆದು ಅವರ ಬಾವಿಯನ್ನು ಮಕ್ಕಳಿಗೆ ತೋರಿಸಬೇಕು. ನೀರು ಎಷ್ಟು ಆಳದಲ್ಲಿದೆ, ಬೇಸಿಗೆಯಲ್ಲಿ ಎಷ್ಟಕ್ಕೆ ಇಳಿಯುತ್ತದೆ, ಹಿಂದೆ ಹೇಗಿತ್ತು ಎಂದು ಮನೆಯ ಹಿರಿಯರನ್ನು ಕೇಳಿಸಬೇಕು. ಬೆಳಿಗ್ಗೆ ಕಂಡ ಕೆರೆಯೂ ಸಂಜೆ ಕಂಡ ಬಾವಿಯೂ ಒಂದೇ ನೀರಿನ ಎರಡು ಮುಖಗಳೆಂದು ಮಕ್ಕಳು ತಾವಾಗಿಯೇ ಹೇಳಿದರೆ ನಡಿಗೆಯು ಸಫಲವಾಯಿತೆನ್ನಬಹುದು.

ಮುಗಿಸುವ ಮುನ್ನ

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕೆರೆಯನ್ನು ಕಟ್ಟಿಸಿದುದು ನಮ್ಮೆಲ್ಲರಿಗೂ ತಿಳಿದ ವಿಷಯ. ಇಂದಿನ ಸೊಲ್ಲಾಪುರದಲ್ಲಿ ಆ ಕೆರೆ ಈಗಲೂ ಇದೆ. ಅಲ್ಲಮಪ್ರಭುದೇವರು ಅಲ್ಲಿಗೆ ಬಂದು, ಹೊರಗಿನ ಕೆರೆಯಲ್ಲೇ ನಿಂತಿದ್ದ ಅವರ ದೃಷ್ಟಿಯನ್ನು ಒಳಗಿನತ್ತ ತಿರುಗಿಸಿದ ಪ್ರಸಂಗವನ್ನು ಶರಣರ ಚರಿತ್ರೆ ಹೇಳುತ್ತದೆ. ಪರಮಾರ್ಥದ ಆ ಮಾತನ್ನು ಲೌಕಿಕಕ್ಕೆ ಎಳೆಯುವುದು ಉಚಿತವಲ್ಲವೆಂಬ ಅರಿವು ನನಗಿದೆ. ಆದರೂ ಮಣ್ಣಪಳ್ಳದ ದಂಡೆಯಲ್ಲಿ ಕುಳಿತಾಗ ಅದು ನೆನಪಾಗದಿರದು. ಅಲ್ಲಿ ಕಣ್ಣಿಗೆ ಕಾಣುವ ಕೆರೆ ಚಿಕ್ಕದು. ಗುಡ್ಡದೊಳಗಿನ ಕೆರೆ ದೊಡ್ಡದು. ಕಾಣುವುದನ್ನು ಕಳೆದುಕೊಂಡರೆ ಕಾಣದುದೂ ಬತ್ತುತ್ತದೆ.

ನಮ್ಮ ಶಾಲೆಯ ದಾನಿಗಳು ಮಕ್ಕಳ ಪ್ರವಾಸಕ್ಕೆ ಉದಾರವಾಗಿ ನೆರವಾಗುತ್ತ ಬಂದಿದ್ದಾರೆ. ಕರಾವಳಿಯಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಒಂದು ದಿನದ ಮಟ್ಟಿಗೆ ಈ ಮಕ್ಕಳಿಗೆ ದಾರಿ ತೋರಿದರೆ, ಮುಂದಿನ ಪ್ರವಾಸದಲ್ಲಿ ಕಡಲಿನೊಡನೆ ಗುಡ್ಡದ ಕೆರೆಯನ್ನೂ ಸೇರಿಸಿಕೊಳ್ಳಬಹುದು. ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಬೇಕಾದುದು ಹತ್ತು ಕಿಲೋಮೀಟರ್ ನಡೆಯುವ ಮನಸ್ಸು. ಊರಿಗೆ ಮರಳಿದ ಮಕ್ಕಳು ತಮ್ಮ ಊರಿನ ಹೂಳು ತುಂಬಿದ ಕೆರೆಯ ಏರಿಯ ಮೇಲೆ ಒಂದು ಗಳಿಗೆ ನಿಂತು, ಇದರ ನೀರು ಎಲ್ಲೆಲ್ಲಿಗೆ ಹೋಗುತ್ತದೆಂದು ಯೋಚಿಸಿದರೆ ಸಾಕು. ಅಷ್ಟಾದರೆ ಆ ದಿನದ ನಡಿಗೆಗೆ ಬೇರೆ ಪ್ರತಿಫಲ ಬೇಕಾಗಿಲ್ಲ.